ರಾತ್ರಿ ಮೂರು ಗಂಟೆಗೆ ಎದ್ದಿದ್ದ ಇಬ್ಬರು

ಆ ವರ್ಷ ನಮ್ಮ ಮನೆಯಲ್ಲಿ ರಾತ್ರಿ ಮೂರು ಗಂಟೆಗೆ ಇಬ್ಬರು ಎದ್ದಿರುತ್ತಿದ್ದೆವು. ಒಬ್ಬ ನಾನು. ವಾರದಲ್ಲಿ ಐದು ರಾತ್ರಿ ಕೆಲಸ, ಎರಡು ರಾತ್ರಿ ರಜೆ. ರಜೆಯ ದಿನವೂ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಇನ್ನೊಬ್ಬರು ನನ್ನ ಸೋದರಮಾವ. ಚಿಕಿತ್ಸೆಗೆ ಅಂತ ಅತ್ತೆಯ ಜೊತೆ ಬಂದು ನಮ್ಮಲ್ಲೇ ಉಳಿದಿದ್ದರು. ಅವರಿಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿ ಕೆಲಸ ನಿಲ್ಲಿಸುತ್ತ ಬರುವ ಕಾಯಿಲೆ. ಹಗಲೆಲ್ಲ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ರಾತ್ರಿ ಹನ್ನೊಂದಾದರೆ ಸಾಕು, ಕಣ್ಣು ನಿಚ್ಚಳ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕಿಕೊಂಡು ಇಬ್ಬರೂ ಎದುರುಬದುರು ಕೂರುತ್ತಿದ್ದೆವು. ನಾನು ಕಾಫಿ ಮಾಡಿಕೊಳ್ಳುತ್ತಿದ್ದೆ, ಅವರು ಬಿಸ್ಕತ್ತಿನ ಡಬ್ಬಿ ತೆಗೆಯುತ್ತಿದ್ದರು. ಮಾತು ಕಡಿಮೆ. "ನಿನಗೇನೋ ಬಂದಿರೋದು, ಹೋಗಿ ಮಲಗಬಾರದಾ?" ಅನ್ನುತ್ತಿದ್ದರು. "ನಿಮಗೆ ನಿದ್ದೆ ಬರಲ್ವಾ ಮಾವ?" ಅಂದರೆ, "ವಯಸ್ಸಾಯ್ತಲ್ಲಪ್ಪ" ಅನ್ನುವುದು ಅವರ ಸಿದ್ಧ ಉತ್ತರ.

ಅವರಿಗೆ ವಯಸ್ಸು, ನನಗೆ ಕೆಲಸ. ಕಾರಣ ಅಷ್ಟೇ ಅಂದುಕೊಂಡಿದ್ದೆವು. ನಮ್ಮಿಬ್ಬರ ಕಥೆಯಲ್ಲೂ ಇರುವುದು ಒಂದೇ ಅಂಗ ಅಂತ ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಅವರಲ್ಲಿ ಲಿವರ್ ಕೆಟ್ಟು ರಾತ್ರಿ ಕೆಟ್ಟಿತ್ತು. ನನ್ನಲ್ಲಿ ರಾತ್ರಿ ಕೆಟ್ಟು ಲಿವರ್ ಕೆಡುತ್ತಿತ್ತು.

ಮಧ್ಯೆ ಒಂದು ಮಾತು. ಮಾವ ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಆದರೂ ನೋಡಲು ಬಂದ ನೆಂಟರಲ್ಲಿ ಅರ್ಧ ಜನ ಅತ್ತೆಯನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಅದನ್ನೇ ಕೇಳುತ್ತಿದ್ದರು. ಡಯಾಬಿಟಿಸ್, ಹೊಟ್ಟೆಯ ಸುತ್ತ ಬೊಜ್ಜು, ಲಿವರ್‌ನಲ್ಲಿ ಸದ್ದಿಲ್ಲದೆ ಕೂತ ಕೊಬ್ಬು, ಇಷ್ಟೇ ಸಾಕು ಸಿರೋಸಿಸ್ ಮುಟ್ಟಲು. ಅದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ, ಅಷ್ಟೂ ವರ್ಷ ನೋವಿಲ್ಲ. ಈ ಕಾಯಿಲೆಯನ್ನು 'ಕುಡಿತದ್ದಲ್ಲದ ಫ್ಯಾಟಿ ಲಿವರ್' ಅಂತ ಕರೆಯುತ್ತಿದ್ದರು. ಏನು ಅಲ್ಲ ಅನ್ನುವುದನ್ನೇ ಹೆಸರು ಮಾಡಿಟ್ಟಿದ್ದರಲ್ಲ ಅಂತ ನನಗೆ ಯಾವಾಗಲೂ ಸಿಟ್ಟು. 2023ರಲ್ಲಿ ತಜ್ಞರೇ ಸೇರಿ ಆ ಹೆಸರು ಬದಲಿಸಿದರು. ಅತ್ತೆಗೆ ಮಾತ್ರ ಅದರಿಂದ ಆಗಬೇಕಾದ್ದೇನೂ ಉಳಿದಿರಲಿಲ್ಲ.

ಇಪ್ಪತ್ತೈದು ವೃತ್ತ

ಒಂದು ರಾತ್ರಿ ನಾನು ಅಡುಗೆಮನೆಗೆ ಬಂದಾಗ ಮಾವ ಅಲ್ಲಿರಲಿಲ್ಲ. ಮುಂಬಾಗಿಲ ಹತ್ತಿರ ನಿಂತಿದ್ದರು. ಪ್ಯಾಂಟು, ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಬ್ಯಾಗು. ಗಂಟೆ ಎರಡೂವರೆ. ಶರ್ಟಿನ ಗುಂಡಿ ಒಂದೊಂದು ಮನೆ ತಪ್ಪಿ ಕೂತಿತ್ತು, ಎಡಗಡೆ ಕಾಲರ್ ಕಿವಿಯ ತನಕ ಎದ್ದಿತ್ತು. "ಹೊತ್ತಾಯ್ತು, ಬಾಗಿಲು ತೆಗಿ" ಅಂದರು. ರಿಟೈರ್ ಆಗಿ ಎಂಟು ವರ್ಷವಾಗಿತ್ತು. "ಮಾವ, ಇನ್ನೂ ಬೆಳಗಾಗಿಲ್ಲ" ಅಂದೆ. ನನ್ನ ಮುಖ ನೋಡಿದರು, ಕಿಟಕಿಯ ಕತ್ತಲು ನೋಡಿದರು. ಆಮೇಲೆ ತೀರಾ ಸಹಜವಾಗಿ, "ಮತ್ತೆ ನೀನ್ಯಾಕೆ ಎದ್ದಿದ್ದೀಯ?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂರಿಸಿ, ಗುಂಡಿಯೆಲ್ಲ ಬಿಚ್ಚಿ ಮತ್ತೆ ಸರಿಯಾಗಿ ಹಾಕಿದೆ. ಅಷ್ಟು ಹೊತ್ತೂ ಮಗುವಿನ ಹಾಗೆ ಗಲ್ಲ ಮೇಲೆತ್ತಿಕೊಂಡು ಕೂತಿದ್ದರು.

ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ. "ಹಗಲು ಮಲಗ್ತಾರಾ? ರಾತ್ರಿ ಎದ್ದಿರ್ತಾರಾ? ಎಷ್ಟು ದಿನದಿಂದ?" ಆಮೇಲೆ ಎರಡೂ ಕೈ ಮುಂದಕ್ಕೆ ಚಾಚಿಸಿ, ವಾಹನ ನಿಲ್ಲಿಸುವವರ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿದರು. ಮಾವನ ಅಂಗೈ ನಿಲ್ಲಲಿಲ್ಲ. ಸ್ವಲ್ಪ ಸ್ವಲ್ಪ ಹೊತ್ತಿಗೆ ಮಣಿಕಟ್ಟು ಸಡಿಲಾಗಿ ಬೀಳುವುದು, ತಟ್ಟನೆ ಮತ್ತೆ ಏಳುವುದು. ಹಕ್ಕಿ ರೆಕ್ಕೆ ಬಡಿದ ಹಾಗೆ. ಕೊನೆಗೆ ಒಂದು ಕಾಗದ ಕೊಟ್ಟರು. ಅದರ ತುಂಬ ಸಣ್ಣ ಸಣ್ಣ ವೃತ್ತ, ಒಳಗೆ 1ರಿಂದ 25ರ ತನಕ ಸಂಖ್ಯೆ ಚೆಲ್ಲಾಪಿಲ್ಲಿ. ಕ್ರಮವಾಗಿ ಗೆರೆ ಎಳೆದು ಸೇರಿಸಬೇಕು. ಮಕ್ಕಳ ಆಟದ ಪುಸ್ತಕದಲ್ಲಿ ಇರುತ್ತದಲ್ಲ, ಅಂಥದ್ದು. ಮೂವತ್ತು ವರ್ಷ ಲೆಕ್ಕದ ಪುಸ್ತಕ ಬರೆದ ಮನುಷ್ಯ. ಒಂದು ರೂಪಾಯಿ ವ್ಯತ್ಯಾಸ ಬಂದರೆ ಊಟಕ್ಕೆ ಏಳುತ್ತಿರಲಿಲ್ಲ ಅಂತ ಅತ್ತೆ ಈಗಲೂ ಹೇಳುತ್ತಾರೆ. 11ರ ಹತ್ತಿರ ನಿಂತರು. 12 ಅವರ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಪೆನ್ನು ಕಾಗದದ ಮೇಲೆ ಸುಮ್ಮನೆ ಸುತ್ತುತ್ತಿತ್ತು. ಡಾಕ್ಟರು ಕೈಗಡಿಯಾರ ನೋಡುತ್ತಿದ್ದರು, ಅತ್ತೆ ನೆಲ ನೋಡುತ್ತಿದ್ದರು.

ಕರುಳಿನಲ್ಲಿ ಹುಟ್ಟುವ ಅಮೋನಿಯಾ ಮೊದಲಾದ ವಿಷವನ್ನು ಲಿವರ್ ತೆಗೆದುಹಾಕದಿದ್ದರೆ ಅದು ಮಿದುಳಿಗೆ ಏರುತ್ತದೆ. ಗೊಂದಲ, ಮರೆವು, ಮಂಪರು ಬರುತ್ತದೆ. ಇದಕ್ಕೆ ಕೊಡುವುದು ಲ್ಯಾಕ್ಟುಲೋಸ್ ಅನ್ನುವ ಸಿಹಿ ಸಿರಪ್. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಖಾಲಿಯಾಗಬೇಕು, ಅದೇ ಲೆಕ್ಕ. ಇಷ್ಟು ನಮಗೆ ಹೇಳಿದರು. ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಸೇರಿಸಿದರು. ಹಗಲು ರಾತ್ರಿ ಅದಲು ಬದಲಾಗುವುದು ಇದರ ಮೊದಲ ಸೂಚನೆಗಳಲ್ಲಿ ಒಂದು, ನಾವು ಆಗಲೇ ಬರಬೇಕಿತ್ತು, ಅಂತ. ಆ ಸೂಚನೆಯ ಎದುರಿಗೆ ನಾನು ಎಷ್ಟೋ ರಾತ್ರಿ ಕೂತು ಕಾಫಿ ಕುಡಿದಿದ್ದೆ.

ಡಂಗುರದವನು

ಲಿವರ್‌ಗೂ ನಿದ್ದೆಗೂ ಏನು ಸಂಬಂಧ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಾತ್ರಿ ಕೆಲಸದಲ್ಲಿ ಓದಲು ಸಮಯವಂತೂ ಬೇಕಾದಷ್ಟು ಸಿಗುತ್ತದೆ.

ಮಿದುಳಿನ ಅಡಿಯಲ್ಲಿ, ಎರಡು ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಮೇಲ್ಗಡೆ, ಸುಮಾರು 20,000 ನರಕೋಶಗಳ ಒಂದು ಗುಂಪಿದೆ. ದೇಹದ ಯಜಮಾನ ಗಡಿಯಾರ ಅದು. ಹೊರಗಿನ ಬೆಳಕು ಕಾಣದಿದ್ದರೂ ಅದು ನಡೆಯುತ್ತಲೇ ಇರುತ್ತದೆ, ಆದರೆ ಸ್ವಲ್ಪ ನಿಧಾನ. ಮನುಷ್ಯರಲ್ಲಿ ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಜಾಸ್ತಿ. ದಿನಾ ಬೆಳಗಿನ ಬೆಳಕು ಬಂದು ಮುಳ್ಳನ್ನು ಸರಿಪಡಿಸಬೇಕು. 1962ರಲ್ಲಿ ಮಿಶೆಲ್ ಸಿಫ್ರ್ ಅನ್ನುವ 23 ವರ್ಷದ ಫ್ರೆಂಚ್ ಹುಡುಗ ಗಡಿಯಾರ ಇಲ್ಲದೆ ಆಲ್ಪ್ಸ್‌ನ ಗುಹೆಯೊಳಗೆ ಎರಡು ತಿಂಗಳು ಒಬ್ಬನೇ ಇದ್ದ. ಸೆಪ್ಟೆಂಬರ್ 14ಕ್ಕೆ ಆಯ್ತಪ್ಪ ಬಾ ಅಂದಾಗ ಅವನ ಲೆಕ್ಕದಲ್ಲಿ ಅಂದು ಆಗಸ್ಟ್ 20. ಮನಸ್ಸು ಅಷ್ಟು ದಿನ ಕಳೆದುಕೊಂಡಿತ್ತು. ಆದರೆ ಎದ್ದಾಗ, ಮಲಗುವಾಗ ಮೇಲಿದ್ದವರಿಗೆ ಫೋನ್ ಮಾಡುತ್ತಿದ್ದನಲ್ಲ, ಆ ದಾಖಲೆ ನೋಡಿದರೆ ಅವನ ದೇಹ ಇಪ್ಪತ್ತನಾಲ್ಕೂವರೆ ಗಂಟೆಯ ಆಸುಪಾಸಿನಲ್ಲೇ ಏಳುತ್ತ ಮಲಗುತ್ತ ಇತ್ತು. ಒಳಗಿನ ಗಡಿಯಾರಕ್ಕೆ ಅವನ ಲೆಕ್ಕದ ಹಂಗಿರಲಿಲ್ಲ.

ಈ ಯಜಮಾನ ಹೊರಗೆ ಕತ್ತಲಾಯಿತು ಅಂತ ತಿಳಿದಾಗ ಪೀನಿಯಲ್ ಗ್ರಂಥಿಗೆ ಹೇಳಿಕಳಿಸುತ್ತಾನೆ. ಮಿದುಳಿನಲ್ಲೇ ಇರುವ ಆ ಗ್ರಂಥಿ ಮೆಲಟೋನಿನ್ ಅನ್ನುವ ಹಾರ್ಮೋನು ಬಿಡುತ್ತದೆ. 1958ರಲ್ಲಿ ಆರನ್ ಲರ್ನರ್ ಇದನ್ನು ಹಸುಗಳ ಪೀನಿಯಲ್ ಗ್ರಂಥಿಯಿಂದ ಬೇರ್ಪಡಿಸಿದಾಗ ಅವರಿಗೆ ನಿದ್ದೆಯ ಯೋಚನೆಯೇ ಇರಲಿಲ್ಲ. ಅವರು ಚರ್ಮದ ಡಾಕ್ಟರು. ಕಪ್ಪೆಯ ಚರ್ಮವನ್ನು ತಿಳಿಗೊಳಿಸುವ ವಸ್ತು ಯಾವುದು ಅಂತ ಹುಡುಕುತ್ತಿದ್ದರು. ನಾವು ಇದನ್ನು ನಿದ್ದೆಯ ಹಾರ್ಮೋನು ಅಂತ ಕರೆದುಬಿಟ್ಟಿದ್ದೇವೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಇಲಿಯಲ್ಲೂ ಇದು ಏರುವುದು ರಾತ್ರಿಯೇ, ಇಲಿ ಓಡಾಡುವುದೂ ರಾತ್ರಿಯೇ ಅಲ್ವಾ? ಮೆಲಟೋನಿನ್ ಡಂಗುರದವನ ಹಾಗೆ. "ಕತ್ತಲಾಯ್ತು, ಕತ್ತಲಾಯ್ತು" ಅಂತ ಬೀದಿ ಬೀದಿ ಸಾರಿಕೊಂಡು ಹೋಗುತ್ತಾನೆ. ಮಲಗುವವರು ಮಲಗುತ್ತಾರೆ, ಬೇಟೆಗೆ ಹೊರಡುವವರು ಹೊರಡುತ್ತಾರೆ. ಪ್ರಖರವಾದ ಬೆಳಕು ಬಿದ್ದರೆ ಅವನ ಬಾಯಿ ಬಂದ್. ಮನುಷ್ಯರಲ್ಲೂ ಹಾಗೇ ಅನ್ನುವುದು 1980ರಲ್ಲಿ ಖಚಿತವಾಯಿತು. ನಾನು ಕೆಲಸ ಮಾಡುತ್ತಿದ್ದ ಹಾಲ್‌ನಲ್ಲಿ ರಾತ್ರಿಯಿಡೀ ಬಿಳಿ ಟ್ಯೂಬ್‌ಲೈಟ್‌ಗಳು ಉರಿಯುತ್ತಿದ್ದವು. ನೀಲಿ ಅಂಶ ಜಾಸ್ತಿ ಇರುವ ಬೆಳಕು, ಗಡಿಯಾರಕ್ಕೆ ನೇರ ತಾಗುವುದು ಅದೇ.

ಡಂಗುರದವನು ಸಾರಿದ ಮೇಲೆ ಬೀದಿಯಿಂದ ಹೋಗಬೇಕು. ಇಲ್ಲದಿದ್ದರೆ ಬೆಳಗಾದರೂ "ಕತ್ತಲಾಯ್ತು" ಅನ್ನುತ್ತಲೇ ಇರುತ್ತಾನೆ. ಅವನನ್ನು ಕಳಿಸುವ ಕೆಲಸ ಲಿವರ್‌ದು. ರಕ್ತದಲ್ಲಿ ಬಂದ ಮೆಲಟೋನಿನ್ನನ್ನು ಅದು ಬಹುಮಟ್ಟಿಗೆ ಒಂದೇ ಸುತ್ತಿನಲ್ಲಿ ಹಿಡಿದು, ರೂಪ ಬದಲಿಸಿ, ಮೂತ್ರದ ದಾರಿಗೆ ಹಚ್ಚುತ್ತದೆ. ಆರೋಗ್ಯವಂತರಲ್ಲಿ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಇದ್ದದ್ದು ಅರ್ಧವಾಗುತ್ತದೆ. ಇದನ್ನು ಮಾಡುವ ಕಿಣ್ವದ ಹೆಸರು ಸಿವೈಪಿ1ಎ2. ಕಾಫಿಯ ಕೆಫೀನನ್ನು ಕರಗಿಸುವುದೂ ಅದೇ ಕಿಣ್ವ.

ಇದನ್ನು ಓದಿದ ರಾತ್ರಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಸಿರೋಸಿಸ್ ಇದ್ದವರ ರಕ್ತದಲ್ಲಿ ಹಗಲಲ್ಲೂ ಮೆಲಟೋನಿನ್ ಉಳಿದುಕೊಂಡಿರುತ್ತದೆ. ಜೊತೆಗೆ ರಾತ್ರಿ ಏರಬೇಕಾದದ್ದು ತಡವಾಗಿ ಏರುತ್ತದೆ. ಅಂದರೆ ಕಳಿಸುವವನು ಸೋತಿದ್ದಾನೆ, ಅದರ ಮೇಲೆ ಯಜಮಾನ ಗಡಿಯಾರವೇ ಹಿಂದೆ ಬಿದ್ದಿದೆ. ನಡುಮಧ್ಯಾಹ್ನ ಮಾವ ತಲೆ ಎದೆಗೆ ತಾಗುವಷ್ಟು ಬಗ್ಗಿಸಿ ತೂಕಡಿಸುತ್ತಿದ್ದಾಗ ಅವರ ಮೈಯೊಳಗೆ ಯಾರೋ ಇನ್ನೂ ಡಂಗುರ ಹೊಡೆಯುತ್ತಿದ್ದರು. ಎಲ್ಲ ತಪ್ಪನ್ನೂ ಮೆಲಟೋನಿನ್ ತಲೆಗೆ ಕಟ್ಟುವುದು ಸರಿಯಲ್ಲ. ಅಮೋನಿಯಾ ಅದರ ಪಾಲಿನ ಕೆಲಸ ಮಾಡುತ್ತದೆ, ತುರಿಕೆ, ಮೂತ್ರಕ್ಕೆ ಏಳುವುದು, ಚಿಂತೆ ಎಲ್ಲ ಸೇರಿಕೊಳ್ಳುತ್ತವೆ. ಆದರೂ "ವಯಸ್ಸಾಯ್ತಲ್ಲಪ್ಪ" ಅನ್ನುವ ಉತ್ತರ ಸಾಲದು ಅನ್ನುವುದಂತೂ ನನಗೆ ಗಟ್ಟಿಯಾಯಿತು.

ಬೆಳ್ಳಗೆ ಕಂಡ ಲಿವರ್

ನನ್ನ ಕಥೆ ಇದಕ್ಕಿಂತ ಸಪ್ಪೆ. ಯಾವುದೋ ಹೊಟ್ಟೆನೋವಿಗೆ ಅಂತ ಅಲ್ಟ್ರಾಸೌಂಡ್ ಮಾಡಿಸಲು ಹೋಗಿದ್ದೆ. ಕತ್ತಲೆ ಕೋಣೆ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ." ಪರೀಕ್ಷೆ ಮಾಡುತ್ತಿದ್ದವರು ಬಲಪಕ್ಕೆಯ ಹತ್ತಿರ ಎರಡು ಸಲ ಹೋಗಿ ಬಂದರು. "ನೈಟ್ ಶಿಫ್ಟಾ?" ಅಂತ ಕೇಳಿದರು. ಹೇಗೆ ಗೊತ್ತಾಯ್ತು ಅಂದೆ. "ಕಣ್ಣು ನೋಡಿ ಹೇಳಿದೆ, ಲಿವರ್ ನೋಡಿ ಅಲ್ಲ" ಅಂತ ನಕ್ಕು ಪರದೆ ನನ್ನ ಕಡೆ ತಿರುಗಿಸಿದರು. ಲಿವರ್ ಮತ್ತು ಮೂತ್ರಪಿಂಡ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಕಾಣುತ್ತವೆ. ಎರಡರ ಬೂದು ಬಣ್ಣವೂ ಹೆಚ್ಚುಕಮ್ಮಿ ಒಂದೇ ಇರಬೇಕು. ನನ್ನ ಲಿವರ್ ಪಕ್ಕದ್ದಕ್ಕಿಂತ ಬೆಳ್ಳಗಿತ್ತು. ಬಿಳುಪು ಅಂದರೆ ಕೊಬ್ಬು. ಗ್ರೇಡ್ ಒನ್ ಫ್ಯಾಟಿ ಲಿವರ್ ಅಂತ ಬರೆದುಕೊಟ್ಟರು. "ಎಲ್ಲರಿಗೂ ಇರುತ್ತೆ, ತಲೆ ಕೆಡಿಸಿಕೋಬೇಡಿ" ಅಂದರು. ಮಾವನಿಗೂ ಒಂದು ಕಾಲದಲ್ಲಿ ಯಾರೋ ಹೀಗೇ ಹೇಳಿರಬೇಕು.

ನಾನು ತಿನ್ನುವುದರಲ್ಲಿ ಅಂಥ ದುಂದುಗಾರನೇನಲ್ಲ. ಆದರೆ ಯಾವಾಗ ತಿನ್ನುತ್ತೇನೆ ಅನ್ನುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ರಾತ್ರಿ ಒಂದಕ್ಕೆ ಒಂದು ಊಟ, ನಾಲ್ಕಕ್ಕೆ ಏನಾದರೂ ಕುರುಕಲು, ಬೆಳಿಗ್ಗೆ ಮನೆಗೆ ಬಂದು ಇನ್ನೊಂದು ಸಲ. ರಜೆಯಲ್ಲಿ ಮನೆಯವರ ಜೊತೆ ಹಗಲೂಟ, ಆಮೇಲೆ ಮಾವನ ಜೊತೆ ಬಿಸ್ಕತ್ತು. ಲಿವರ್‌ಗೆ ಬಾಗಿಲು ಮುಚ್ಚಲು ಪುರುಸೊತ್ತೇ ಇಲ್ಲ.

ಲಿವರ್‌ಗೆ ಹೊತ್ತು ಗೊತ್ತಾಗುತ್ತದೆ ಅನ್ನುವುದೇ ನನಗೆ ಹೊಸದು. ಯಜಮಾನ ಗಡಿಯಾರ ಮಿದುಳಿನಲ್ಲಿದ್ದರೂ ದೇಹದ ಹೆಚ್ಚುಕಮ್ಮಿ ಪ್ರತಿ ಜೀವಕೋಶದಲ್ಲೂ ಒಂದು ಗಡಿಯಾರ ಇದೆ. ಕೆಲವು ಜೀನ್‌ಗಳು ಪ್ರೋಟೀನ್ ಮಾಡಿಸುತ್ತವೆ, ಆ ಪ್ರೋಟೀನ್ ಜಾಸ್ತಿಯಾದಾಗ ವಾಪಸ್ ಬಂದು ಅದೇ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ, ಅದು ಕರಗಿದ ಮೇಲೆ ಮತ್ತೆ ಶುರು. ಈ ಸುತ್ತಿಗೆ ಒಂದು ದಿನ ಹಿಡಿಯುತ್ತದೆ. ನೊಣಗಳಲ್ಲಿ ಇದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಮಿದುಳಿನ ಗಡಿಯಾರ ಬೆಳಕಿನ ಮಾತು ಕೇಳುತ್ತದೆ. ಲಿವರ್‌ನ ಗಡಿಯಾರಕ್ಕೆ ಬೆಳಕು ಕಾಣುವುದಿಲ್ಲ, ಅದು ಯಜಮಾನನ ಮಾತನ್ನೂ ಕೇಳುತ್ತದೆ, ಊಟದ ಮಾತನ್ನೂ ಕೇಳುತ್ತದೆ. ಇಬ್ಬರೂ ಬೇರೆ ಬೇರೆ ಹೇಳಿದರೆ? ಇದಕ್ಕೆ ಉತ್ತರ 2000ದಲ್ಲಿ ಜಿನೀವಾದ ಉಲಿ ಶಿಬ್ಲರ್ ಅವರ ಪ್ರಯೋಗಾಲಯದಿಂದ ಬಂತು. ರಾತ್ರಿ ತಿನ್ನುವ ಇಲಿಗಳಿಗೆ ಹಗಲು ಮಾತ್ರ ಆಹಾರ ಕೊಟ್ಟರು. ಸುಮಾರು ಒಂದು ವಾರದಲ್ಲಿ ಲಿವರ್‌ನ ಗಡಿಯಾರ ಪೂರಾ ತಿರುಗಿ ಹಗಲಿನ ಕಡೆ ಬಂತು. ಮಿದುಳಿನದು ಅಲ್ಲಾಡಲಿಲ್ಲ. ಒಂದೇ ಮೈಯಲ್ಲಿ ಮಿದುಳಿಗೆ ನಡುರಾತ್ರಿ, ಲಿವರ್‌ಗೆ ನಡುಹಗಲು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.

ಅದೇ ಪ್ರಯೋಗಾಲಯ 2017ರಲ್ಲಿ ಇನ್ನೊಂದು ವಿಷಯ ತೋರಿಸಿತು. ಇದು ನನಗೆ ಅತ್ಯಂತ ಹಿಡಿಸಿದ್ದು. ರಾತ್ರಿ ತಿಂದು ಓಡಾಡುವ ಹೊತ್ತಿಗೆ ಇಲಿಯ ಲಿವರ್ ಹಗಲಿಗಿಂತ ಶೇ 40ಕ್ಕೂ ಹೆಚ್ಚು ದೊಡ್ಡದಾಗುತ್ತದೆ, ವಿಶ್ರಾಂತಿಯ ಹೊತ್ತಿಗೆ ಮತ್ತೆ ಕುಗ್ಗುತ್ತದೆ. ದಿನಾ. ಲಿವರ್ ಒಂದು ಉಸಿರು ತೆಗೆದುಕೊಳ್ಳಲು ಇಪ್ಪತ್ತನಾಲ್ಕು ಗಂಟೆ ಹಿಡಿದ ಹಾಗೆ. ಅವೇಳೆಯಲ್ಲಿ ತಿನ್ನಿಸಿದಾಗ ಈ ಹಿಗ್ಗುವುದು ಕುಗ್ಗುವುದೇ ಇಲ್ಲವಾಯಿತು. ಇನ್ನೊಂದು ಕಡೆ, 2012ರಲ್ಲಿ, ಸಚ್ಚಿದಾನಂದ ಪಾಂಡಾ ಅವರ ತಂಡ ಎರಡು ಗುಂಪಿನ ಇಲಿಗಳಿಗೆ ಒಂದೇ ಥರದ ಕೊಬ್ಬಿನ ಆಹಾರ ಕೊಟ್ಟಿತು. ಒಂದು ಗುಂಪು ಯಾವಾಗ ಬೇಕಾದರೂ ತಿನ್ನಬಹುದು. ಇನ್ನೊಂದಕ್ಕೆ ರಾತ್ರಿಯ ಹೊತ್ತು ಎಂಟು ಗಂಟೆಗಳ ಕಾಲ ಮಾತ್ರ ಅವಕಾಶ. ಎರಡೂ ಗುಂಪು ತಿಂದ ಒಟ್ಟು ಕ್ಯಾಲೊರಿ ಒಂದೇ. ಮೊದಲನೆಯ ಗುಂಪಿಗೆ ಬೊಜ್ಜು ಬಂತು, ಲಿವರ್‌ನಲ್ಲಿ ಕೊಬ್ಬು ಕೂತಿತು. ಎರಡನೆಯದು ಬಹುಪಾಲು ಪಾರಾಯಿತು. ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಮನುಷ್ಯರಲ್ಲಿ ಫಲ ಅಷ್ಟು ಢಾಳಾಗಿ ಕಾಣುವುದಿಲ್ಲ, ಇಲಿಗೆ ಎಂಟು ಗಂಟೆ ಅಂದಿದ್ದನ್ನು ನಾವು ಹಾಗೇ ನಕಲು ಹೊಡೆಯುವುದೂ ಸರಿಯಲ್ಲ. ಆದರೆ ಒಂದಂತೂ ಮನುಷ್ಯರಲ್ಲೇ ಕಂಡಿದೆ. ಮೆಲಟೋನಿನ್ ಏರಿರುವಾಗ ಉಂಡರೆ ಇನ್ಸುಲಿನ್ ಬರುವುದು ಕಡಿಮೆ, ಅದೇ ಊಟಕ್ಕೆ ಸಕ್ಕರೆ ಜಾಸ್ತಿ ಏರುತ್ತದೆ, ಅದರಲ್ಲೂ ಒಂದು ಬಗೆಯ ಜೀನ್ ಹೊತ್ತವರಲ್ಲಿ. ಏರಿದ ಸಕ್ಕರೆಯಲ್ಲಿ ಒಂದಷ್ಟನ್ನು ಕೊಬ್ಬು ಮಾಡಿಡುವ ಕೆಲಸ ಮತ್ತೆ ಲಿವರ್ ಪಾಲಿಗೇ.

ಕಾಫಿಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಕಾಫಿ ಕುಡಿಯುವವರಲ್ಲಿ ಸಿರೋಸಿಸ್ ಕಡಿಮೆ ಅಂತ ಬಹಳ ಕಡೆ ಕಂಡಿದೆ. ಲಿವರ್‌ಗೆ ಒಳ್ಳೆಯ ಗೆಳೆಯ. ನಾನು ಅದನ್ನು ರಾತ್ರಿ ಮೂರಕ್ಕೆ ಕುಡಿದು, ಬೆಳಿಗ್ಗೆ ಎಂಟಕ್ಕೆ ಪರದೆ ಎಳೆದು ಮಲಗಿ, ನಿದ್ದೆ ಯಾಕೆ ಬರುತ್ತಿಲ್ಲ ಅಂತ ಸೂರು ನೋಡುತ್ತಿದ್ದೆ.

ಮಾತ್ರೆಯ ಮಾತು

ಇಷ್ಟೆಲ್ಲ ಗೊತ್ತಾಗುವ ಮುಂಚೆ ನಾನು ಮೊದಲು ಹುಡುಕಿದ್ದು ಮಾತ್ರೆಯನ್ನೇ. ಮೆಲಟೋನಿನ್ ಗುಳಿಗೆಯ ಒಂದು ಡಬ್ಬಿ ಗೆಳೆಯನೊಬ್ಬ ತಂದುಕೊಟ್ಟಿದ್ದ. ಒಂದರಲ್ಲಿ 10 ಮಿಲಿಗ್ರಾಂ. ನಮ್ಮ ಪೀನಿಯಲ್ ಗ್ರಂಥಿ ಇಡೀ ರಾತ್ರಿಗೆ ಮಾಡುವುದು 0.1 ಮಿಲಿಗ್ರಾಂಗೂ ಕಮ್ಮಿ. ನುಂಗಿದ್ದು ಕರುಳಿನಿಂದ ನೇರ ಲಿವರ್‌ಗೆ ಹೋಗುತ್ತದೆ. ಅಲ್ಲಿ ಹೆಚ್ಚಿನ ಪಾಲು ಕರಗಿ, ಸರಾಸರಿ ಶೇ 15ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಇದು ಲಿವರ್ ಚೆನ್ನಾಗಿದ್ದವರ ಲೆಕ್ಕ. ಸೋತ ಲಿವರ್ ಇದ್ದರೆ ಆ ಕಾವಲು ಇಲ್ಲ, ಒಳಗೆ ಹೋದದ್ದು ಹೊರಗೂ ಬೇಗ ಹೋಗುವುದಿಲ್ಲ. ಯುರೋಪಿನಲ್ಲಿ ಸಿಗುವ, ನಿಧಾನವಾಗಿ ಕರಗುವ 2 ಮಿಲಿಗ್ರಾಂ ಮಾತ್ರೆಯ ಚೀಟಿಯಲ್ಲಿ ಲಿವರ್ ತೊಂದರೆ ಇದ್ದವರಿಗೆ ಇದು ಬೇಡ ಅಂತಲೇ ಬರೆದಿರುತ್ತದೆ. ಸಾಲದ್ದಕ್ಕೆ ಡಬ್ಬಿಯ ಮೇಲಿನ ಅಂಕಿಯನ್ನೂ ನಂಬುವ ಹಾಗಿಲ್ಲ. 2017ರಲ್ಲಿ ಕೆನಡಾದಲ್ಲಿ 31 ಬಗೆಯ ಗುಳಿಗೆ, ಸಿರಪ್‌ಗಳನ್ನು ಪರೀಕ್ಷಿಸಿದರು. ಬರೆದದ್ದಕ್ಕಿಂತ ಶೇ 83 ಕಡಿಮೆ ಇದ್ದದ್ದೂ ಉಂಟು, ಶೇ 478 ಜಾಸ್ತಿ ಇದ್ದದ್ದೂ ಉಂಟು.

ಆ ಡಬ್ಬಿಯನ್ನು ಮಾವ ಒಂದು ರಾತ್ರಿ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ದು ನೆನಪಿದೆ. "ನಂಗೂ ಒಂದು ಕೊಡೋ" ಅಂದಿದ್ದರು. ಆಗ ನನಗೆ ಇದಾವುದೂ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿ ಕೊಡೋಣ ಮಾವ ಅಂದು ಒಳಗಿಟ್ಟೆ. ಬುದ್ಧಿವಂತಿಕೆಯಿಂದ ಹೇಳಿದ್ದಲ್ಲ. ಡಬ್ಬಿಯಲ್ಲಿ ಉಳಿದಿದ್ದೇ ಸ್ವಲ್ಪ, ಅಷ್ಟೇ.

ಲ್ಯಾಕ್ಟುಲೋಸ್‌ನಿಂದ ಮಾವನ ಗೊಂದಲ ಇಳಿಯಿತು. ಮುಂದಿನ ಸಲ ಅದೇ ವೃತ್ತಗಳ ಕಾಗದ ಕೊಟ್ಟಾಗ ನಿಲ್ಲದೆ 25 ಮುಟ್ಟಿದರು. ಮುಗಿಸಿ, ಡಾಕ್ಟರ ಕೈಗಡಿಯಾರದ ಕಡೆ ಬಗ್ಗಿ, "ಎಷ್ಟಾಯ್ತು ಸರ್?" ಅಂದರು. ನಿದ್ದೆ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಅತ್ತೆ ಬೆಳಿಗ್ಗೆ ಎದ್ದ ತಕ್ಷಣ ಅವರ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು, ಬಿಸಿಲಿಗೆ ಮುಖ ಮಾಡಿ ಕೂರಿಸುತ್ತಿದ್ದರು. ಕತ್ತಲಾದ ಮೇಲೆ ಮನೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬರುತ್ತಿದ್ದರು. ಮಲಗುವ ಮುಂಚೆ ಏನಾದರೂ ತಿನ್ನಿಸುತ್ತಿದ್ದರು, ಅದು ಡಾಕ್ಟರ ಮಾತು. ಸಿರೋಸಿಸ್ ಇದ್ದವರ ಲಿವರ್ ರಾತ್ರಿಗೆ ಬೇಕಾದಷ್ಟು ಸಕ್ಕರೆ ಕೂಡಿಟ್ಟುಕೊಳ್ಳಲಾರದು, ಹೊಟ್ಟೆ ಖಾಲಿ ಇದ್ದರೆ ಸ್ನಾಯು ಕರಗುತ್ತದೆ. ನೋಡಿ, ರಾತ್ರಿಯ ಬಿಸ್ಕತ್ತು ನನಗೆ ತಪ್ಪು, ಅವರಿಗೆ ಮದ್ದು. ಒಂದೇ ಡಬ್ಬಿ.

ಮಾವ ಹೋಗಿ ಮೂರು ವರ್ಷವಾಯಿತು. ನಾನು ಹಗಲು ಕೆಲಸಕ್ಕೆ ಬದಲಾಗಿ ಎರಡು ವರ್ಷ. ಹೋದ ಸಲದ ಸ್ಕ್ಯಾನ್‌ನಲ್ಲೂ ಲಿವರ್ ಸ್ವಲ್ಪ ಬೆಳ್ಳಗೇ ಇತ್ತು, ಹಿಂದಿನಷ್ಟಿಲ್ಲ ಅಂದರು. ರಾತ್ರಿ ಎಂಟರ ಒಳಗೆ ಊಟ ಮುಗಿಸುತ್ತೇನೆ, ವಾರದಲ್ಲಿ ನಾಲ್ಕು ದಿನವಾದರೂ. ಆದರೂ ಆಗಾಗ ಮೂರು ಗಂಟೆಗೆ ಸರಿಯಾಗಿ ಎಚ್ಚರವಾಗುತ್ತದೆ. ನೀರು ಕುಡಿಯಲು ಅಡುಗೆಮನೆಗೆ ಹೋಗುತ್ತೇನೆ. ದೀಪ ಹಾಕುವುದಿಲ್ಲ, ಗೋಡೆ ತಡವಿಕೊಂಡು ಹೋಗುತ್ತೇನೆ. ಮಾವ ಕೂರುತ್ತಿದ್ದ ಕುರ್ಚಿ ಇನ್ನೂ ಅಲ್ಲೇ ಇದೆ. ಪ್ರತಿ ಸಲ ಅದರ ಕಾಲಿಗೆ ನನ್ನ ಕಿರುಬೆರಳು ತಾಗುತ್ತದೆ.